ದಿಗ್ವ್ರತಕ್ಕೆ ಮುನ್ನ ಏಳು ದಿನಗಳ ಈಜಿಪ್ಟ್

ಬರುವ ಪುಷ್ಯಮಾಸದಲ್ಲಿ ಏಳು ದಿನಗಳ ಮಟ್ಟಿಗೆ ಈಜಿಪ್ಟಿಗೆ ಹೋಗಿಬರುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ವೆಚ್ಚ ಮಗಳದು, ಸಂಗಾತಿ ನನ್ನ ಶ್ರೀಮತಿ, ದಿನಗಳ ಹಂಚಿಕೆ ಮಾತ್ರ ನನ್ನ ಪಾಲಿನ ಕೆಲಸ. ಕಳೆದ ಎರಡು ತಿಂಗಳಿಂದ ಈ ಹಂಚಿಕೆಯಲ್ಲಿಯೇ ತೊಡಗಿದ್ದೇನೆ. ಅದು ಇಷ್ಟು ಕಾಲ ಹಿಡಿದುದಕ್ಕೆ ಕಾರಣವಿದೆ. ಹಿಂದಿರುಗಿ ಬಂದ ಮೇಲೆ ದಿಗ್ವ್ರತವನ್ನು ಸ್ವೀಕರಿಸಬೇಕೆಂದು ಸಂಕಲ್ಪಿಸಿದ್ದೇನೆ. ಹಾಗಾಗಿ ಕಡಲಾಚೆಗೆ ನಾನು ಹೋಗುವುದು ಇದೊಂದೇ ಸಲ. ಒಂದೇ ಸಲ ಹೋಗುವವನು ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಈ ಬರೆಹದ ವಸ್ತು.

ದಿಗ್ವ್ರತದ ಪರಿಚಯವಿಲ್ಲದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಗುಣವ್ರತಗಳು ಮೂರು. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಒಂದೊಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು ಜೀವಾವಧಿ ಅದನ್ನು ದಾಟದಿರುವುದು ಇದರ ಸ್ವರೂಪ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಡಲು, ಹೊಳೆ, ಅಡವಿ, ಬೆಟ್ಟ, ನಾಡು, ಯೋಜನ ಇವನ್ನು ಎಲ್ಲೆಯ ಗುರುತುಗಳಾಗಿ ಹೇಳುತ್ತದೆ. ಎಲ್ಲೆಯ ಆಚೆಗೆ ಮನುಷ್ಯನ ವ್ಯವಹಾರವೇ ಇಲ್ಲವಾಗುವುದರಿಂದ ಅಲ್ಲಿ ಅವನಿಂದ ಸೂಕ್ಷ್ಮಹಿಂಸೆಯೂ ನಡೆಯದು; ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತದ ಸ್ಥಿತಿಗೆ ಏರುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆಯವರು ಅರುವತ್ತು ತುಂಬಿದಾಗ ಈ ವ್ರತವನ್ನು ಹಿಡಿದರು. ಮೂಡಲಿಗೆ ಸಮ್ಮೇದಶಿಖರಜಿ, ಬಡಗಲಿಗೆ ಹಿಮಾಲಯ, ತೆಂಕಲಿಗೆ ಕನ್ಯಾಕುಮಾರಿ, ಪಡುವಲಿಗೆ ಕಡಲು. ಅವರಿಗೆ ಪಡುವಲ ಎಲ್ಲೆಯನ್ನು ಹೇಳುವಾಗ ಯೋಚಿಸುವ ಅಗತ್ಯವೇ ಬೀಳಲಿಲ್ಲ. ನನಗೆ ಬಿದ್ದಿದೆ.

ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸುತ್ತದೆ: ಮೇಲಕ್ಕೆ, ಕೆಳಕ್ಕೆ, ಅಡ್ಡಡ್ಡಕ್ಕೆ ಎಲ್ಲೆ ಮೀರುವುದು ಮೂರು, ಒಂದು ದಿಕ್ಕಿನಲ್ಲಿ ಉಳಿಸಿ ಇನ್ನೊಂದು ದಿಕ್ಕಿನಲ್ಲಿ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು, ಇಟ್ಟುಕೊಂಡ ಎಲ್ಲೆಯನ್ನೇ ಮರೆಯುವುದು ಐದನೆಯದು. ವ್ರತಕ್ಕೆ ಮುಂಚೆ ಹೋಗುವ ಪ್ರಯಾಣಕ್ಕೆ ಇವು ಯಾವುವೂ ತಗಲುವುದಿಲ್ಲ. ಆದರೂ 'ಹೇಗೂ ಬಾಗಿಲು ಮುಚ್ಚುತ್ತದೆ, ಅಷ್ಟರಲ್ಲಿ ಎಲ್ಲವನ್ನೂ ನೋಡಿಬಿಡೋಣ' ಎಂಬ ಆತುರದಲ್ಲಿ ಹೊರಟರೆ ನಾಲ್ಕನೆಯ ಅತಿಚಾರದ ಬೀಜ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಆದುದರಿಂದ ಈ ಏಳು ದಿನಗಳಿಗೆ ಈಗಲೇ ಒಂದು ಎಲ್ಲೆ ಹಾಕಿಕೊಳ್ಳುವುದು ಯೋಗ್ಯ.

ಚಿಕ್ಕಪೇಟೆಯಲ್ಲಿ ಇಂದು ಈಜಿಪ್ಟ್ ಪ್ರವಾಸವು ಸೀರೆಯಷ್ಟೇ ಸುಲಭವಾಗಿ ದೊರೆಯುತ್ತದೆ. ಗಲ್ಲಿಯ ಮಹಡಿಯೊಂದರ ಮೇಲಿನ ಪ್ರವಾಸ ಕಚೇರಿಯಲ್ಲಿ ವಿಚಾರಿಸಿದೆ. ಅಡುಗೆಯವರನ್ನು ಜೊತೆಯಲ್ಲಿಯೇ ಕರೆದೊಯ್ದು ಗೆಡ್ಡೆಗೆಣಸಿಲ್ಲದ ಊಟವನ್ನು ಸೂರ್ಯಾಸ್ತಕ್ಕೆ ಮುನ್ನ ಬಡಿಸುವ ತಂಡಗಳೇ ಇವೆಯಂತೆ. ಪಟ್ಟಿ ಹೀಗಿತ್ತು: ಕೈರೋ, ಗೀಝಾದ ಪಿರಮಿಡ್ಡುಗಳು, ಅಸ್ವಾನಿನಿಂದ ಲಕ್ಸರಿಗೆ ನೈಲ್ ನದಿಯ ಮೇಲೆ ಹಡಗಿನ ವಾಸ, ಕೆಂಪು ಸಮುದ್ರದ ತೀರದಲ್ಲಿ ಒಂದು ವಿಶ್ರಾಂತಿಯ ದಿನ. "ಬಹ್ನಸಾ ಎಂಬ ಊರಿಗೆ ಒಂದು ದಿನ ಸಿಕ್ಕೀತೇ?" ಎಂದು ಕೇಳಿದೆ. "ಅಲ್ಲಿ ಏನಿದೆ ಸಾರ್?" ಎಂದು ಆ ಹುಡುಗ ವಿನಯದಿಂದಲೇ ಕೇಳಿದ. ಅವನ ಪ್ರಶ್ನೆಗೆ ಉತ್ತರಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೈರೋ ನಗರಕ್ಕೆ ತೆಂಕಲಾಗಿ ಸುಮಾರು ೧೬೦ ಕಿಲೋಮೀಟರ್ ದೂರದಲ್ಲಿರುವ ಬಹ್ನಸಾ ಗ್ರೀಕರ ಕಾಲದಲ್ಲಿ ಆಕ್ಸಿರಿಂಕಸ್ ಎಂಬ ಪಟ್ಟಣವಾಗಿತ್ತು. ೧೮೯೬ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡಿನ ವಿದ್ವಾಂಸರು ಅಲ್ಲಿನ ಕಸದ ದಿಬ್ಬಗಳನ್ನು ಅಗೆಯತೊಡಗಿದರು. ದೇವಾಲಯವನ್ನೋ ಅರಮನೆಯನ್ನೋ ಅವರು ಹುಡುಕಲಿಲ್ಲ. ಊರಿನವರು ಶತಮಾನಗಳ ಕಾಲ ಬಿಸಾಡಿದ ಹಳೆಯ ಕಾಗದಪತ್ರಗಳು ಅವರಿಗೆ ಬೇಕಾಗಿದ್ದವು. ತೆರಿಗೆಯ ರಶೀದಿ, ಸಾಲದ ಪತ್ರ, ಮಕ್ಕಳ ಓಲೆ, ಕಳೆದುಹೋಗಿದ್ದ ಕಾವ್ಯದ ತುಣುಕುಗಳು ಎಲ್ಲವೂ ಅಲ್ಲಿ ದೊರೆತವು. ೧೯೦೩ರಲ್ಲಿ ಹೊರಬಂದ ಮೂರನೆಯ ಸಂಪುಟದಲ್ಲಿ ೪೧೩ನೆಯ ಸಂಖ್ಯೆಯ ಪಪೈರಸ್ ಪ್ರಕಟವಾಯಿತು. ಕ್ರಿಸ್ತಶಕ ಎರಡನೆಯ ಶತಮಾನದ ಬರೆಹವಿರುವ ಆ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ.

ಕನ್ನಡ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಪ್ರಹಸನ ಹೆಸರಿನಿಂದಲಾದರೂ ಪರಿಚಿತ. ಕಥಾನಾಯಿಕೆ ಖಾರಿಟಿಯೋನ್, ನಮ್ಮ ಪುಸ್ತಕಗಳಲ್ಲಿ ಚಾರಿಷನ್ ಎಂದು ರೂಢಿ. ಹಿಂದೂ ಮಹಾಸಾಗರದ ತೀರದ ಒಂದು ನಾಡಿನಲ್ಲಿ ಚಂದ್ರದೇವತೆಯ ಗುಡಿಯಲ್ಲಿ ಈ ಗ್ರೀಕ್ ತರುಣಿ ಸೆರೆಯಾಗಿದ್ದಾಳೆ. ಅಲ್ಲಿನ ಅರಸ ಅವಳನ್ನು ಬಲಿಕೊಡಲು ಸಿದ್ಧನಾಗಿದ್ದಾನೆ. ಅವಳ ಸೋದರ ತನ್ನ ಸಂಗಡಿಗರೊಡನೆ ಬಂದು, ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅಮಲೇರಿದವರನ್ನು ಕಟ್ಟಿಹಾಕಿ, ತಂಗಿಯನ್ನು ಹಡಗಿಗೆ ಹತ್ತಿಸುತ್ತಾನೆ. ನಡುವೆ ವಿದೂಷಕನ ಅಪಾನವಾಯುವಿನ ಹಾಸ್ಯ, ಡೋಲಿನ ಬಡಿತದ ಗುರುತುಗಳು. ಯೂರಿಪಿಡೀಸನ ಇಫಿಜೀನಿಯಾ ನಾಟಕದ ಅಣಕವೆಂದು ಇದನ್ನು ಗುರುತಿಸುತ್ತಾರೆ. ಅರಸನೂ ಅವನ ಕಡೆಯವರೂ ಆಡುವ ಮಾತು ಮಾತ್ರ ಗ್ರೀಕ್ ಭಾಷೆಯದಲ್ಲ. ಗ್ರೀಕ್ ಅಕ್ಷರಗಳಲ್ಲಿ ಬರೆದ, ಗ್ರೀಕರಿಗೆ ಅರ್ಥವಾಗದ ಯಾವುದೋ ನುಡಿ ಅದು.

೧೯೦೪ರಲ್ಲಿ ಹುಲ್ಚ್ ಅವರು ಇದು ಕನ್ನಡವೆಂದು ಸೂಚಿಸಿದರು. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದು ದಕ್ಷಿಣ ಭಾರತದ ಶಾಸನ ಸಂಪುಟಗಳನ್ನು ಸಂಪಾದಿಸಿದ್ದ ವಿದ್ವಾಂಸರಾದುದರಿಂದ ಅವರ ಮಾತಿಗೆ ತೂಕವಿತ್ತು. 'ಕೊಂಚ', 'ಮಧು', 'ಪಾತ್ರಕ್ಕೆ' ಮುಂತಾದ ಶಬ್ದಗಳನ್ನು ಅವರು ಅಲ್ಲಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ಓದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕಥೆಯ ತೀರ ಮಲ್ಪೆಯೆಂದು ಊಹಿಸಿದವರುಂಟು. ನುಡಿ ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಉಂಟು. ೧೯೨೬ರಲ್ಲಿ ಎಲ್. ಡಿ. ಬಾರ್ನೆಟ್ ಅವರು ಈ ಕನ್ನಡದ ವಾದವನ್ನು ಒಪ್ಪದೆ ಲೇಖನ ಬರೆದರು. ಬಾರ್ನೆಟ್ ಕನ್ನಡ ತಿಳಿಯದೆ ಆಕ್ಷೇಪಿಸಿದವರಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಸೂಚಿಯನ್ನು ೧೯೧೦ರಲ್ಲಿ ಸಿದ್ಧಪಡಿಸಿದವರು ಅವರೇ. ಅಂತಗಡದಸಾಓ ಎಂಬ ಜೈನ ಆಗಮವನ್ನು ಪ್ರಾಕೃತದಿಂದ ಇಂಗ್ಲಿಷಿಗೆ ತಂದವರೂ ಅವರೇ. ಇಂದಿಗೂ ಈ ವಿಚಾರದಲ್ಲಿ ಏಕಾಭಿಪ್ರಾಯವಿಲ್ಲ. ಎಲ್ಲವೂ ರಂಗದ ಮೇಲಿನ ಅರ್ಥವಿಲ್ಲದ ಬಡಬಡಿಕೆ ಎನ್ನುವವರೂ ಇದ್ದಾರೆ. ಕನ್ನಡವೆಂದು ಸಿದ್ಧವಾದರೆ ಸುಮಾರು ೪೫೦ರ ಹಲ್ಮಿಡಿ ಶಾಸನಕ್ಕಿಂತ ಎರಡು ಮೂರು ಶತಮಾನ ಹಿಂದಿನ ಕನ್ನಡ ನಮಗೆ ದೊರೆತಂತಾಗುತ್ತದೆ; ಆಸೆ ಅಷ್ಟು ದೊಡ್ಡದಾಗಿರುವುದರಿಂದಲೇ ಎಚ್ಚರವೂ ಅಷ್ಟೇ ದೊಡ್ಡದಿರಬೇಕು. ನಾನು ತರಗತಿಗಳಲ್ಲಿ ಇದನ್ನು 'ಸ್ಯಾದಸ್ತಿ' ಎಂದು ಮಾತ್ರ ಹೇಳುತ್ತ ಬಂದಿದ್ದೇನೆ: ಇದ್ದರೂ ಇರಬಹುದು.

ಇಲ್ಲಿ ಶ್ರಾವಕನಿಗೆ ನಗು ತರುವ ಒಂದು ಸಂಗತಿಯಿದೆ. ಸಮಂತಭದ್ರರು ಹೇಳುವ ಅಷ್ಟ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಸೇರಿದೆ. ಹುಲ್ಚ್ ಅವರ ಓದು ನಿಜವಾದರೆ ಕಡಲಾಚೆ ಉಳಿದಿರುವ ಅತ್ಯಂತ ಹಳೆಯ ಕನ್ನಡ ಮಾತು ಮದ್ಯವನ್ನು ಪಾತ್ರೆಗೆ ಹೊಯ್ಯುವ ಮಾತು. ದಿಗ್ವ್ರತ ಹಿಡಿಯಲಿರುವವನು ಕೊನೆಯ ಪ್ರಯಾಣವನ್ನು ಹೊರಡುವುದು ಆ ಮಾತಿನ ಜಾಡು ಹಿಡಿದು.

ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದು. ಆ ಮಾತುಗಳು ಅಲ್ಲಿರುವುದು ನಗುವುದಕ್ಕೆ. ಪ್ರೇಕ್ಷಕರಿಗೆ ಅರ್ಥವಾಗದಿರುವುದೇ ಅವುಗಳ ಪ್ರಯೋಜನ. ನಮ್ಮ ನುಡಿಯ ಪ್ರಾಚೀನತೆಗೆ ಪ್ರಮಾಣವೆಂದು ನಾವು ಎತ್ತಿಹಿಡಿಯುವ ಹಾಳೆಯಲ್ಲಿ ನಮ್ಮವರು ಕುಡಿದು ತೂರಾಡುವ, ಹೆಣ್ಣನ್ನು ಬಲಿಕೊಡಲು ಹೊರಟ ಮ್ಲೇಚ್ಛರು. ಈ ಅಂಶವನ್ನು ನಮ್ಮ ಚರ್ಚೆಗಳು ಬಹುಮಟ್ಟಿಗೆ ಮುಟ್ಟದೆ ಸಾಗಿವೆ. ಪರರ ಕಿವಿಗೆ ಕನ್ನಡ ಹೇಗೆ ಕೇಳಿಸಿತು ಎಂಬುದಕ್ಕೆ ಜೈನ ವಾಙ್ಮಯದಲ್ಲಿಯೂ ಒಂದು ಪ್ರಸಿದ್ಧ ನಿದರ್ಶನವಿದೆ. ಉದ್ದ್ಯೋತನ ಸೂರಿಯು ೭೭೯ರಲ್ಲಿ ಜಾಬಾಲಿಪುರದಲ್ಲಿ, ಎಂದರೆ ಇಂದಿನ ರಾಜಸ್ಥಾನದ ಜಾಲೋರಿನಲ್ಲಿ, ಮುಗಿಸಿದ ಪ್ರಾಕೃತ ಚಂಪೂ ಕುವಲಯಮಾಲಾ. ಅದರ ಮಾರುಕಟ್ಟೆಯ ವರ್ಣನೆಯಲ್ಲಿ ನಾನಾ ದೇಶದ ವರ್ತಕರು ಬರುತ್ತಾರೆ. ಒಬ್ಬೊಬ್ಬರ ಮೈಕಟ್ಟು, ಸ್ವಭಾವ, ಬಾಯಲ್ಲಿ ಕೇಳಿಬರುವ ಒಂದೆರಡು ಶಬ್ದ ಇವನ್ನು ಕವಿ ಕೊಡುತ್ತಾನೆ. ಅವರಲ್ಲಿ ಕರ್ಣಾಟಕದವರೂ ಇದ್ದಾರೆ. ಅವರ ಬಾಯಿಗೆ ಕೊಟ್ಟ ಶಬ್ದಗಳಿಗೆ ಅರ್ಥ ಹಚ್ಚಲು ವಿದ್ವಾಂಸರು ತಿಣುಕಾಡಿದ್ದಾರೆ. ಈ ಗ್ರಂಥವನ್ನು ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆ. ನೇ. ಉಪಾಧ್ಯೆ ಎಂಬುದು ನಮಗೆ ಹೆಮ್ಮೆಯ ವಿಷಯ. ಉದ್ದ್ಯೋತನನೂ ಆ ಅನಾಮಧೇಯ ಗ್ರೀಕನೂ ಮಾಡಿದ ಕೆಲಸ ಒಂದೇ ಬಗೆಯದು: ಕಿವಿಗೆ ಬಿದ್ದುದನ್ನು ತನ್ನ ಲಿಪಿಯಲ್ಲಿ ಹಿಡಿಯುವುದು. ಆದರೆ ಉದ್ದ್ಯೋತನನ ಪೇಟೆಯಲ್ಲಿ ಕರ್ಣಾಟಕದವನು ಹದಿನೆಂಟು ನುಡಿಗಳ ನಡುವೆ ಒಬ್ಬ ವರ್ತಕ. ಗ್ರೀಕನ ರಂಗದ ಮೇಲೆ ಅವನು ಕಟ್ಟಿಹಾಕಲು ತಕ್ಕವನು. ನಿತ್ಯವೂ ಹತ್ತು ನುಡಿ ಕೇಳಿಬರುವ ಚಿಕ್ಕಪೇಟೆಯಲ್ಲಿ ಬೆಳೆದವನಿಗೆ ಮೊದಲನೆಯದು ಪರಿಚಿತ ಲೋಕ. ಎರಡನೆಯದನ್ನು ಅರಿಯಲು ಪ್ರಯತ್ನ ಬೇಕು.

ಇಷ್ಟನ್ನೂ ಒಂದು ಸಂಜೆ ಮನೆಯಲ್ಲಿ ವಿವರಿಸಿದೆ. ಶ್ರೀಮತಿ ಕೇಳಿಸಿಕೊಂಡು, "ಆ ಹಾಳೆ ಬಹ್ನಸಾದಲ್ಲಿದೆಯೇನ್ರೀ?" ಎಂದರು. ಇಲ್ಲ, ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ ಎಂದೆ. "ಹಾಗಾದರೆ ಅಲ್ಲಿಗೆ ಹೋಗುವುದು ಏತಕ್ಕೆ?"

ಪ್ರವಾಸ ಕಚೇರಿಯ ಹುಡುಗ ಕೇಳಿದುದೂ ಇದೇ ಪ್ರಶ್ನೆ. ನಿಜ, ಬಹ್ನಸಾದಲ್ಲಿ ಕಣ್ಣು ತುಂಬುವಂಥದು ಕಡಮೆ. ಒಂಟಿ ಕಂಬವೊಂದು ನಿಂತಿದೆ. ಮುಸ್ಲಿಮರು ಪವಿತ್ರವೆಂದು ಭಾವಿಸುವ ಗೋರಿಗಳಿವೆ. ಬಾರ್ಸಿಲೋನಾ ವಿಶ್ವವಿದ್ಯಾಲಯದ ತಂಡ ೧೯೯೨ರಿಂದ ಅಗೆತ ನಡೆಸುತ್ತಿದೆ. ೧೯೨೨ರಲ್ಲಿ ಪೀಟ್ರಿ ಅಲ್ಲಿ ರಂಗಮಂದಿರವೊಂದರ ನೆಲೆಯನ್ನು ಗುರುತಿಸಿ, ಸುಮಾರು ೧೧,೦೦೦ ಜನ ಕೂರಬಹುದಾಗಿತ್ತೆಂದು ಅಂದಾಜು ಮಾಡಿದರು. ಇಂದು ನೆಲದ ಮೇಲೆ ಉಳಿದಿರುವುದು ಅತ್ಯಲ್ಪ.

ಆದರೂ ಹೋಗಬೇಕೆನ್ನುವುದಕ್ಕೆ ನನ್ನ ಉತ್ತರವಿದು. ಪಠ್ಯವನ್ನು ನಾನು ಮುದ್ರಿತ ಪುಸ್ತಕದಲ್ಲಿ ಓದಿದ್ದೇನೆ. ಆಕ್ಸ್‌ಫರ್ಡಿಗೆ ಹೋಗಿ ಗಾಜಿನಾಚೆಗೆ ನೋಡಿದರೂ ಅದಕ್ಕಿಂತ ಹೆಚ್ಚೇನೂ ಓದಲಾರೆ. ಪುಸ್ತಕ ಹೇಳದಿರುವುದು ಆ ಹಾಳೆ ಏಕೆ ಉಳಿಯಿತು ಎಂಬುದನ್ನು. ಮಳೆಯೆಂಬುದು ಹೆಚ್ಚುಕಡಿಮೆ ಇಲ್ಲದ, ನೈಲ್ ಪ್ರವಾಹದ ತೇವ ತಲುಪದ ಮರಳಿನ ದಿಬ್ಬದಲ್ಲಿ ಅದು ಬಿದ್ದಿತ್ತು. ಬಿಸಾಡಿದ್ದರಿಂದ ಉಳಿಯಿತು. ಅದೇ ಹಾಳೆಯನ್ನು ಮಲ್ಪೆಯಲ್ಲಿ ಬಿಸಾಡಿದ್ದರೆ ಒಂದು ಆಷಾಢವನ್ನೂ ಕಳೆಯುತ್ತಿರಲಿಲ್ಲ. ನಮ್ಮಲ್ಲಿ ಓಲೆ ಉಳಿದಿದ್ದರೆ ಅದನ್ನು ಕಾಪಾಡಿದವರಿಂದ ಉಳಿದಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುದು ಶ್ರುತಪಂಚಮಿಯ ಪೂಜೆಯಿಂದ, ಮರುಪ್ರತಿ ಮಾಡಿಸಿದ ದಾನಿಗಳಿಂದ. ಹೀಗೆ ಉಳಿಯುವುದು ಪೂಜ್ಯವೆನಿಸಿದ ಗ್ರಂಥ ಮಾತ್ರ. ರಶೀದಿ, ಓಲೆ, ಪೋಲಿ ಪ್ರಹಸನಗಳನ್ನು ಯಾರೂ ಮರುಪ್ರತಿ ಮಾಡಿಸಲಿಲ್ಲ. ಎರಡನೆಯ ಶತಮಾನದ ಕನ್ನಡಿಗರು ಏನಾಡಿದರು ಎಂಬುದಕ್ಕೆ ಇಲ್ಲಿ ಸಾಕ್ಷ್ಯವಿಲ್ಲದಿರುವುದು ಅವರು ಮಾತಾಡಲಿಲ್ಲವೆಂದಲ್ಲ; ನಮ್ಮ ಮಳೆ ಅದನ್ನು ಉಳಿಸಗೊಡಲಿಲ್ಲ. ಈ ಮಾತನ್ನು ನಲವತ್ತು ವರ್ಷ ಪಾಠ ಹೇಳಿದ್ದೇನೆ. ಆ ಒಣ ನೆಲದ ಮೇಲೆ ಒಮ್ಮೆ ನಿಲ್ಲಬೇಕೆಂಬ ಆಸೆಯನ್ನು ಅತಿಯಾಸೆ ಎನ್ನಲಾರೆ.

ಇದಕ್ಕೆ ಪೂರಕವಾಗಿ ಎರಡನೆಯ ತಾಣ ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್. ದೇವರ ಹೆಸರಿರಬಹುದಾದ ಬರೆಹವನ್ನು ಎಸೆಯಬಾರದೆಂದು ಯಹೂದಿಗಳು ಹಳೆಯ ಕಾಗದಗಳನ್ನು ಗೆನಿಜಾ ಎಂಬ ಕೋಣೆಯೊಳಗೆ ಹಾಕುತ್ತಿದ್ದರು. ಅಕ್ಷರವಿರುವ ಕಾಗದವನ್ನು ತುಳಿದರೆ ಜ್ಞಾನದ ಅವಿನಯವಾಗುತ್ತದೆಂದು ಕಣ್ಣಿಗೊತ್ತಿಕೊಳ್ಳುವ ಜೈನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರೆನ್‌ಫೆಲ್ ಮತ್ತು ಹಂಟ್ ಬಹ್ನಸಾದಲ್ಲಿ ಅಗೆಯುತ್ತಿದ್ದ ಅದೇ ೧೮೯೬-೯೭ರ ಚಳಿಗಾಲದಲ್ಲಿ ಸಾಲೊಮನ್ ಶೆಕ್ಟರ್ ಈ ಕೋಣೆಯ ಸಂಗ್ರಹದ ಬಹುಭಾಗವನ್ನು ಕೇಂಬ್ರಿಜ್‌ಗೆ ಒಯ್ದರು. ಅಲ್ಲಿ ಈಗ ಸುಮಾರು ೧,೯೩,೦೦೦ ತುಣುಕುಗಳಿವೆ. ಗೆನಿಜಾದ ಪತ್ರಗಳಲ್ಲಿಯೇ ಅಬ್ರಹಾಂ ಬೆನ್ ಯಿಜುವಿನ ಕಥೆ ದೊರೆತುದು. ಟುನೀಷಿಯಾ ಮೂಲದ ಈ ವರ್ತಕ ೧೧೩೨ರ ಸುಮಾರಿನಿಂದ ೧೧೪೯ರವರೆಗೆ ಮುಖ್ಯವಾಗಿ ಮಂಗಳೂರಿನಲ್ಲಿ ನೆಲೆಸಿ ಅಡಕೆ, ಮೆಣಸು, ಕಬ್ಬಿಣಗಳ ವ್ಯಾಪಾರ ನಡೆಸಿದ. ಅವನ ಸೇವಕನಾಗಿದ್ದ ಬೊಮ್ಮನ ಹೆಸರು ಏಡನ್ನಿನ ವರ್ತಕರ ಪತ್ರಗಳಲ್ಲಿ ಬರುತ್ತದೆ. ಅವನ ಜಾಡು ಹಿಡಿದು ಅಮಿತಾವ್ ಘೋಷ್ ೧೯೯೨ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪ್ರಹಸನದ ಅರಸನಿಗಿಂತ ಈ ಬೊಮ್ಮ ನನಗೆ ಹೆಚ್ಚು ಹತ್ತಿರದವನು. ಅವನ ನುಡಿ ಯಾರ ನಗುವಿಗೂ ವಸ್ತುವಾಗಲಿಲ್ಲ. ಹೆಸರು ಮಾತ್ರ ಲೆಕ್ಕಪತ್ರಗಳ ನಡುವೆ ಉಳಿಯಿತು.

ಮೂರನೆಯದು ಮೆಡಿಟರೇನಿಯನ್ ದಡದ ಅಲೆಕ್ಸಾಂಡ್ರಿಯಾ. ಎರಡನೆಯ ಶತಮಾನದಲ್ಲಿ ಇಲ್ಲಿ ಕುಳಿತು ಟಾಲೆಮಿ ಲೋಕದ ಊರುಗಳ ಪಟ್ಟಿ ಮಾಡಿದ. ಅದರಲ್ಲಿ ನಮ್ಮ ಬನವಾಸಿ ಇದೆ. ಕಡಲನ್ನು ದಾಟದ ಆ ಭೂಗೋಳಜ್ಞನಿಗೆ ಬನವಾಸಿ ಬಂದರಿನ ವರ್ತಕರಿಂದ ಕೇಳಿದ ಒಂದು ಹೆಸರು. ಪಂಪನಿಗೆ ಸುಮಾರು ಎಂಟುನೂರು ವರ್ಷಗಳ ಮೇಲೆ ಅದು ಮರಳಿ ಹುಟ್ಟಲು ಬಯಸುವ ನಾಡು. ಇಬ್ಬರನ್ನೂ ಓದಿದವನಿಗೆ ಆ ದಡದಲ್ಲಿ ಎರಡು ದಿನ ಹೆಚ್ಚಲ್ಲ. ಕೋಮ್ ಎಲ್-ದಿಕ್ಕಾದ ಅಮೃತಶಿಲೆಯ ಮೆಟ್ಟಿಲುಗಳ ರಂಗಮಂದಿರ, ಅದರ ಪಕ್ಕದ ಪ್ರಾಚೀನ ಪಾಠಶಾಲೆಗಳ ಸಾಲು, ೨೦೨೩ರಲ್ಲಿ ಮತ್ತೆ ತೆರೆದ ಗ್ರೀಕ್-ರೋಮನ್ ವಸ್ತುಸಂಗ್ರಹಾಲಯ ಇವಿಷ್ಟು ನೋಡತಕ್ಕವು. ೨೦೦೨ರಲ್ಲಿ ತೆರೆದ ಹೊಸ ಗ್ರಂಥಾಲಯದ ಹೊರಗೋಡೆಯ ಮೇಲೆ ಲೋಕದ ಲಿಪಿಗಳ ಅಕ್ಷರಗಳನ್ನು ಕೊರೆದಿದ್ದಾರೆ. ನಮ್ಮ ಅಕ್ಷರವನ್ನು ಹುಡುಕಲು ಒಂದು ಗಂಟೆ ಮೀಸಲು.

ಬಿಟ್ಟುದರಲ್ಲಿ ಮನಸ್ಸಿಗೆ ಕಷ್ಟವಾದುದು ಬೆರೆನಿಕೆ. ಕೆಂಪು ಸಮುದ್ರದ ಈ ಬಂದರಿನ ಸೆರಾಪಿಸ್ ಗುಡಿಯ ಬಳಿ ಭಾರತೀಯ ಹರವಿಯೊಂದರಲ್ಲಿ ಏಳೂವರೆ ಕಿಲೋ ಕರಿಮೆಣಸು ದೊರೆತಿದೆ. ಇಲ್ಲಿಂದ ಹಡಗುಗಳು ಬೇಸಗೆಯ ನಡುವೆ ಹೊರಟು, ಅರಬ್ಬೀ ಕರಾವಳಿಯ ಒಕೆಲಿಸ್‌ನಿಂದ ಮುಂಗಾರಿನ ಗಾಳಿಯಲ್ಲಿ ನಲವತ್ತು ದಿನಗಳಿಗೆ ಮುಜಿರಿಸ್ ಮುಟ್ಟುತ್ತಿದ್ದವೆಂದು ಪ್ಲಿನಿ ಬರೆಯುತ್ತಾನೆ. ನಮ್ಮ ಮುನಿಗಳು ಜೀವಹಿಂಸೆಗೆ ಅಂಜಿ ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವ ಅದೇ ಮಳೆಗಾಲ ಹಡಗುಗಳನ್ನು ಇಲ್ಲಿಗೆ ತರುತ್ತಿತ್ತು. ಕೈರೋದಿಂದ ಅಲ್ಲಿಗೆ ಹೋಗಿಬರಲು ಮೂರು ದಿನ ಬೇಕು. ಬೇಡವೆಂದು ಗೆರೆ ಎಳೆದೆ. ಲಕ್ಸರ್, ಅಸ್ವಾನ್‌ಗಳನ್ನೂ ಹೊಡೆದುಹಾಕಿದೆ. ಗೀಝಾ ಶ್ರೀಮತಿಯ ಆಯ್ಕೆ. ಅದನ್ನು ಬಿಡುವ ಅಧಿಕಾರ ನನಗಿಲ್ಲ.

ಹೀಗೆ ನಿಂತ ಕ್ರಮವಿದು. ಮೊದಲ ದಿನ ಕೈರೋ ತಲುಪಿ ವಿಶ್ರಾಂತಿ. ಎರಡನೆಯ ದಿನ ಗೀಝಾ ಮತ್ತು ಹೊಸ ವಸ್ತುಸಂಗ್ರಹಾಲಯ. ಮೂರು, ನಾಲ್ಕನೆಯ ದಿನ ರೈಲಿನಲ್ಲಿ ಅಲೆಕ್ಸಾಂಡ್ರಿಯಾ. ಐದನೆಯ ದಿನ ಹಿಂದಿರುಗಿ ಬೆನ್ ಎಜ್ರಾ. ಆರನೆಯ ದಿನ ನಸುಕಿನಲ್ಲಿ ಹೊರಟು, ಬೆನಿ ಮಜಾರ್ ಮಾರ್ಗವಾಗಿ, ಸ್ಥಳೀಯ ಅನುಮತಿಯನ್ನು ಮೊದಲೇ ಪಡೆದು ಬಹ್ನಸಾ. ಏಳನೆಯ ದಿನ ಮರುಪಯಣ. ಆ ಕಾಲದಲ್ಲಿ ಅಲ್ಲಿ ಸಂಜೆ ಐದರ ಆಸುಪಾಸಿಗೆ ಸೂರ್ಯಾಸ್ತ. ಊಟ ನಾಲ್ಕೂವರೆಗೆ ಮುಗಿಯಬೇಕು. ಖಾಕ್ರಾ, ಹುರಿಹಿಟ್ಟು, ಒಣಹಣ್ಣುಗಳ ಹೊಣೆಯನ್ನು ಮಗಳು ಹೊತ್ತಿದ್ದಾಳೆ. ಅಡುಗೆಯವರಿರುವ ತಂಡದೊಡನೆ ಹೋದರೆ ಊಟಕ್ಕೆ ನಿಶ್ಚಿಂತೆ, ಬಹ್ನಸಾ ಇಲ್ಲ. ನಾವಿಬ್ಬರೇ ಹೋದರೆ ಬಹ್ನಸಾ ಉಂಟು, ಬಿಸಿಯೂಟ ಇಲ್ಲ. ಎರಡನೆಯದನ್ನೇ ಆರಿಸಿದ್ದೇವೆ.

ಹಾಳೆಯಿಲ್ಲದ ದಿಬ್ಬ, ಪತ್ರಗಳಿಲ್ಲದ ಗೆನಿಜಾ: ನಾನು ಆರಿಸಿಕೊಂಡ ಎರಡೂ ಬರಿದಾದ ಜಾಗಗಳೆಂದು ಶ್ರೀಮತಿ ಎಣಿಸಿ ತೋರಿಸಿದ್ದಾರೆ. ಲೆಕ್ಕ ಸರಿಯಾಗಿದೆ. ಬರಿದಾದ ಜಾಗದಿಂದ ಹೊತ್ತು ತರುವಂಥದು ಏನೂ ಇರುವುದಿಲ್ಲವಾದುದರಿಂದ ಪರಿಗ್ರಹ ಬೆಳೆಯುವ ಭಯವೂ ಇಲ್ಲವೆಂದು ಸಮಾಧಾನ ಹೇಳಿದ್ದೇನೆ.

ಇಲ್ಲಿ ಕುಳಿತೇ ಆಗಬೇಕಾದ ಕೆಲಸವೊಂದು ಉಳಿದಿದೆ. ಅದಕ್ಕೆ ಯಾವ ದಿಕ್ಕಿನ ಎಲ್ಲೆಯೂ ಅಡ್ಡಿಯಾಗದು. ಪ್ರಾಕೃತ, ಸಂಸ್ಕೃತ, ಪಾರಸಿ, ಗ್ರೀಕ್ ಗ್ರಂಥಗಳಲ್ಲಿ ಕನ್ನಡದ ಮಾತೆಂದು ಬಂದಿರುವ ತುಣುಕುಗಳನ್ನು ಒಂದೆಡೆ ಕೂಡಿಸಿ, ಪ್ರತಿಯೊಂದನ್ನೂ ಕೇಳಿಸಿಕೊಂಡವನ ದೃಷ್ಟಿಯಿಂದ ಪರೀಕ್ಷಿಸಬೇಕಾಗಿದೆ. ಕುವಲಯಮಾಲಾ ಮತ್ತು ಪಪೈರಸ್ ಎರಡನ್ನೂ ಎದುರುಬದುರಿಗೆ ಇಟ್ಟು ಓದಬಲ್ಲ ತರುಣರು ಈ ವಿಷಯವನ್ನು ಸಂಶೋಧನೆಗೆ ಎತ್ತಿಕೊಂಡರೆ, ಚಾಮರಾಜಪೇಟೆಯ ಪರಿಷತ್ತಿನಲ್ಲಿಯೋ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿಯೋ ನಾನು ಕೂಡಿಟ್ಟ ಸಾಮಗ್ರಿಯೆಲ್ಲವನ್ನೂ ಅವರಿಗೆ ಒಪ್ಪಿಸುತ್ತೇನೆ. ಮಾಘಮಾಸದ ಹೊತ್ತಿಗೆ ನಾನು ಊರಿನಲ್ಲಿರುತ್ತೇನೆ. ಆಮೇಲೆ ದೂರ ಎಲ್ಲಿಗೂ ಹೋಗುವವನಲ್ಲ.